ನಾಲ್ಕು ವರ್ಷ ಕಾದ ಯಜಮಾನ: ‘ಬ್ಲ್ಯಾಕ್ ಬ್ಯೂಟಿ’ ಕಾದಂಬರಿಯ ಮರುಓದು

ಕಳೆದ ಬೇಸಿಗೆಯ ರಜೆಯಲ್ಲಿ ನನ್ನ ಮೊಮ್ಮಗಳಿಗೆ ಎರಡು ಉಡುಗೊರೆಗಳು ಒಟ್ಟಿಗೆ ದೊರೆತವು. ಮೊದಲನೆಯದು ಅವಳ ತಂದೆ ಸೇರಿಸಿದ ಕುದುರೆ ಸವಾರಿಯ ತರಗತಿ. ಎರಡನೆಯದು ನಾನು ಕೊಟ್ಟ ಹಳೆಯ ಇಂಗ್ಲಿಷ್ ಕಾದಂಬರಿ, ಆ್ಯನಾ ಸ್ಯೂಯೆಲ್ ಬರೆದ ‘ಬ್ಲ್ಯಾಕ್ ಬ್ಯೂಟಿ’. ಪುಸ್ತಕದ ಮೂರನೆಯ ಅಧ್ಯಾಯವನ್ನು ಓದಿದ ಮರುದಿನ ಅವಳು ಸವಾರಿ ಕಲಿಸುವವರನ್ನು, ತಾನು ಏರುತ್ತಿದ್ದ ಟಟ್ಟುವಿಗೆ ಎಷ್ಟು ವರ್ಷವೆಂದು ಕೇಳಿದಳು. ಅವರು ಅಕ್ಕರೆಯಿಂದಲೇ ಉತ್ತರಿಸಿದರು: “ಮೂರು ತುಂಬುತ್ತಾ ಬಂತು ಪುಟ್ಟಿ. ಆಗಲೇ ಎರಡು ಅಡಿಯ ಅಡ್ಡಗಂಬ ಹಾರುತ್ತದೆ. ಬಹಳ ಜಾಣ ಮರಿ.” ಮನೆಗೆ ಬಂದ ಹುಡುಗಿ ನನ್ನ ಮುಂದೆ ಕುಳಿತು, “ಅಜ್ಜ, ಪುಸ್ತಕದ ಯಜಮಾನರು ನಾಲ್ಕು ವರ್ಷ ಕಾದರಲ್ಲ, ಇವರೇಕೆ ಕಾಯಲಿಲ್ಲ?” ಎಂದಳು.

ಆ ಪ್ರಶ್ನೆಗೆ ಕೂಡಲೇ ಉತ್ತರ ಕೊಡಲಾಗಲಿಲ್ಲ. ಬಾಲ್ಯದಲ್ಲಿ ಓದಿ ಮರೆತಿದ್ದ ಆ ಕೃತಿಯನ್ನು ಮತ್ತೊಮ್ಮೆ ಕೈಗೆತ್ತಿಕೊಂಡೆ. ಅದರ ಗುಣವನ್ನೂ ಕೊರತೆಯನ್ನೂ, ಅದು ನಮ್ಮ ಮುಂದೆ ಇಡುವ ಒಂದು ನೈತಿಕ ಪ್ರಶ್ನೆಯನ್ನೂ ವಾಚಕರೊಡನೆ ವಿಚಾರಮಾಡುವುದು ಈ ಲೇಖನದ ಉದ್ದೇಶ.

ಆ್ಯನಾ ಸ್ಯೂಯೆಲ್ 1820ರಲ್ಲಿ ಇಂಗ್ಲೆಂಡಿನ ನಾರ್ಫೋಕ್ ಪ್ರಾಂತದಲ್ಲಿ, ಕ್ವೇಕರ್ ಪಂಥದ ಕುಟುಂಬವೊಂದರಲ್ಲಿ ಹುಟ್ಟಿದವರು. 14ನೆಯ ವಯಸ್ಸಿನಲ್ಲಿ ಬಿದ್ದು ಕಾಲುಗಳಿಗೆ ಪೆಟ್ಟಾದ ಮೇಲೆ ಅವರು ಮತ್ತೆಂದೂ ನಿರಾಯಾಸವಾಗಿ ನಡೆಯಲಿಲ್ಲ. ಹೊರಗೆ ಹೋಗಬೇಕಾದಾಗಲೆಲ್ಲ ಟಟ್ಟುವಿನ ಗಾಡಿಯೇ ಅವರಿಗೆ ಕಾಲು. ತನ್ನ ಭಾರವನ್ನು ಇನ್ನೊಂದು ಜೀವ ಹೊರುತ್ತಿದೆಯೆಂಬ ಅರಿವು ಅವರಿಗೆ ಪ್ರತಿದಿನದ ಅನುಭವವಾಗಿತ್ತು. 1871ರಲ್ಲಿ ಆರಂಭವಾದ ಬರವಣಿಗೆ ಅನಾರೋಗ್ಯದ ನಡುವೆ, ತಾಯಿಯ ನೆರವಿನಿಂದ ಮುಗಿದು, ಪುಸ್ತಕ 1877ರ ನವೆಂಬರಿನಲ್ಲಿ ಹೊರಬಂತು. ಮರುವರ್ಷದ ಏಪ್ರಿಲಿನಲ್ಲಿ ಲೇಖಕಿ ತೀರಿಕೊಂಡರು. ಅವರು ಬರೆದ ಕಾದಂಬರಿ ಇದೊಂದೇ. ಕುದುರೆಯೇ ತನ್ನ ಕಥೆಯನ್ನು ಹೇಳುವಂತೆ ಅದನ್ನು ರಚಿಸಿ, ತಾವು ಕುದುರೆಯ ಭಾಷೆಯಿಂದ ಅನುವಾದಿಸಿದವರು ಮಾತ್ರವೆಂದು ಮುಖಪುಟದಲ್ಲಿ ನಮೂದಿಸಿದರು.

ಈ ಕೃತಿಯನ್ನು ಸಾಮಾನ್ಯವಾಗಿ ಕ್ರೌರ್ಯವಿರೋಧದ ಪುಸ್ತಕವೆಂದು ಓದುತ್ತಾರೆ. ಶ್ರೀಮಂತರ ಗಾಡಿಯ ಕುದುರೆಗಳ ತಲೆಯನ್ನು ಬಲವಂತವಾಗಿ ಎತ್ತಿಹಿಡಿಯುತ್ತಿದ್ದ ಬಿಗಿಲಗಾಮು, ಲಂಡನ್ನಿನ ಬಾಡಿಗೆ ಗಾಡಿಗಳ ದುಡಿತ, ಕುಡುಕ ಆಳುಗಳ ಅಲಕ್ಷ್ಯ ಇವೆಲ್ಲ ಇಲ್ಲಿ ವಿವರವಾಗಿ ಬರುತ್ತವೆ. ಬಿಗಿಲಗಾಮಿನ ವಿರುದ್ಧ ಜನಾಭಿಪ್ರಾಯ ಮೂಡಿಸಿದ ಕೀರ್ತಿಯೂ ಇದಕ್ಕೆ ಸಂದಿದೆ. ಆದರೆ ಮರುಓದಿನಲ್ಲಿ ನನ್ನನ್ನು ತಡೆದು ನಿಲ್ಲಿಸಿದುದು ಚಾವಟಿಯ ದೃಶ್ಯಗಳಲ್ಲ, ಮೂರನೆಯ ಅಧ್ಯಾಯದ ಆರಂಭದ ಒಂದೆರಡು ವಾಕ್ಯಗಳು. ಕುದುರೆಯ ಮೊದಲ ಯಜಮಾನನಾದ ರೈತ ಗ್ರೇ, ಮರಿಗೆ ನಾಲ್ಕು ವರ್ಷ ತುಂಬುವವರೆಗೆ ಅದನ್ನು ಮಾರಲು ಒಪ್ಪುವುದಿಲ್ಲ. ಹುಡುಗರ ಹೆಗಲಿಗೆ ಗಂಡಸರ ದುಡಿಮೆಯನ್ನು ಹೇರಬಾರದು, ಹಾಗೆಯೇ ಮರಿಯ ಮೇಲೆ ಕುದುರೆಯ ಕೆಲಸವನ್ನು ಹೇರಬಾರದು ಎಂಬುದು ಅವನ ನಿಲುವು. ಲೇಖಕಿ ಇದನ್ನು ದೊಡ್ಡ ತತ್ತ್ವವೆಂದು ಘೋಷಿಸುವುದಿಲ್ಲ. ಒಬ್ಬ ಒಳ್ಳೆಯ ರೈತನ ದಿನನಿತ್ಯದ ವಿವೇಕವೆಂಬಂತೆ ಹೇಳಿ ಮುಂದೆ ಸಾಗುತ್ತಾರೆ. ಬಾಸುಂಡೆಯಿಲ್ಲದ, ರಕ್ತವಿಲ್ಲದ ಒಂದು ಹಿಂಸೆಯಿದೆ, ಅದರ ಹೆಸರು ಆತುರ ಎಂಬುದನ್ನು ಅವರು ಕಂಡಿದ್ದರು. ಈ ಕೃತಿಯ ನಿಜವಾದ ಬೆಲೆ ಇರುವುದು ಈ ಕಾಣ್ಕೆಯಲ್ಲಿ ಎಂಬುದು ನನ್ನ ಅಭಿಪ್ರಾಯ.

ಕಾದ ಮೇಲೂ ಪಳಗಿಸುವಿಕೆ ಸುಖದ ಅನುಭವವೆಂದು ಅವರು ನಟಿಸುವುದಿಲ್ಲ. ಬಾಯೊಳಗೆ ಉಕ್ಕಿನ ಕಡಿವಾಣ ಬಂದಾಗಿನ ಅಸಹ್ಯವನ್ನು, ಗೊರಸಿಗೆ ಲಾಳ ಬಡಿದಾಗಿನ ಬಿಗುವನ್ನು, ಕಣ್ಣುಪಟ್ಟಿ ಕಟ್ಟಿದಾಗಿನ ಗಲಿಬಿಲಿಯನ್ನು ಕುದುರೆಯ ಬಾಯಿಂದಲೇ ಹೇಳಿಸುತ್ತಾರೆ. ಆದರೆ ಒಂದೊಂದು ಹೆಜ್ಜೆಗೂ ನಡುವೆ ಬಿಡುವಿದೆ. ಮೊದಲು ಬೆನ್ನೇರುವವನು ಯಜಮಾನನೇ. ಗಾಡಿ ಎಳೆಯುವಾಗ ಜೊತೆಗೆ ತಾಯಿಕುದುರೆಯಿದೆ. ರೈಲಿನ ಸದ್ದು ರೂಢಿಯಾಗಲೆಂದು ಹಳಿಯ ಬದಿಯ ಹುಲ್ಲುಗಾವಲಿನಲ್ಲಿ ಹದಿನೈದು ದಿನ ಮೇಯಲು ಬಿಡುತ್ತಾರೆ. ಇದಕ್ಕೆ ಎದುರಾಗಿ ಜಿಂಜರ್ ಎಂಬ ಹೆಣ್ಣುಕುದುರೆಯ ಕಥೆಯಿದೆ. ಹಲವರು ಸೇರಿ ಅದನ್ನು ಹೊಲದ ಮೂಲೆಗೆ ಒತ್ತರಿಸಿ ಹಿಡಿಯುತ್ತಾರೆ. ದಣಿದು ಸೋಲುವವರೆಗೆ ಉದ್ದ ಹಗ್ಗದಲ್ಲಿ ಸುತ್ತು ಹೊಡೆಸುತ್ತಾರೆ. ಮುಂದೆ ‘ಕೆಟ್ಟ ಸ್ವಭಾವದ ಕುದುರೆ’ ಎನಿಸಿಕೊಂಡ ಜಿಂಜರಿನ ಸ್ವಭಾವ ಆ ದಿನಗಳಲ್ಲಿ ರೂಪುಗೊಂಡಿತೆಂದು ಲೇಖಕಿ ಸ್ಪಷ್ಟವಾಗಿ ತೋರಿಸುತ್ತಾರೆ.

ತಡೆಗಳ ಮೇಲೆ ಹಾರಿಸುವ ಮೋಜಿನ ಬಗೆಗೂ ಕಾದಂಬರಿ ಮೌನವಾಗಿಲ್ಲ. ನಾಯಕ ಕುದುರೆಗೆ ಎರಡು ವರ್ಷವೂ ತುಂಬದಿದ್ದಾಗ ನೋಡಿದ ಬೇಟೆಯ ದೃಶ್ಯ ಎರಡನೆಯ ಅಧ್ಯಾಯದಲ್ಲಿದೆ. ಒಂದು ಮೊಲದ ಬೆನ್ನುಹತ್ತಿ ತೊರೆಯನ್ನು ಹಾರುವಾಗ ಕುದುರೆಗಳು ಬೀಳುತ್ತವೆ. ತರುಣ ಸವಾರನೊಬ್ಬ ಕತ್ತು ಮುರಿದು ಸಾಯುತ್ತಾನೆ. ಕಾಲು ಮುರಿದ ರಾಬ್ ರಾಯ್ ಎಂಬ ಕುದುರೆಯನ್ನು ಗುಂಡಿಟ್ಟು ಕೊಲ್ಲುತ್ತಾರೆ. ಜಿಂಜರಿನ ಅವನತಿಗೂ ಇಂಥದೇ ಕಾರಣ. ಕುದುರೆ ಸ್ವಲ್ಪ ಉಳುಕಿದೆ, ಓಟಕ್ಕೆ ತಕ್ಕುದಲ್ಲ ಎಂದು ಲಾಯದವನು ಎಚ್ಚರಿಸಿದರೂ ಯುವ ಶ್ರೀಮಂತನೊಬ್ಬ ಅದನ್ನು ಅಡ್ಡತಡೆಗಳ ಪಂದ್ಯದಲ್ಲಿ ಓಡಿಸುತ್ತಾನೆ. ಅದರ ಉಸಿರೂ ಬೆನ್ನೂ ಕೆಡುತ್ತವೆ. ಆ ಯುವಕನಲ್ಲಿ ದ್ವೇಷವಿರಲಿಲ್ಲ. ಇನ್ನೊಂದು ಜೀವದ ದೇಹ ಏನು ಹೇಳುತ್ತಿದೆಯೆಂದು ಕೇಳುವ ವ್ಯವಧಾನವೂ ಇರಲಿಲ್ಲ.

ಸ್ಯೂಯೆಲ್ ಅನುಭವದಿಂದ ಅರಿತುದನ್ನು ಮುಂದೆ ಪಶುವೈದ್ಯವಿಜ್ಞಾನ ವಿವರಿಸಿತು. ಎಳೆಯ ಕುದುರೆಯ ಎಲುಬುಗಳ ತುದಿಯಲ್ಲಿ ಮೃದ್ವಸ್ಥಿಯ ತೆಳುವಾದ ಫಲಕಗಳಿರುತ್ತವೆ. ಎಲುಬು ಉದ್ದವಾಗುವುದು ಅಲ್ಲಿ. ಬೆಳವಣಿಗೆ ಮುಗಿದ ಮೇಲೆ ಆ ಫಲಕ ಗಟ್ಟಿ ಎಲುಬಾಗಿ ಮುಚ್ಚಿಕೊಳ್ಳುತ್ತದೆ. ಇಡೀ ದೇಹದಲ್ಲಿ ಇದು ಒಂದೇ ಕಾಲಕ್ಕೆ ನಡೆಯುವುದಿಲ್ಲ. ಗೊರಸಿನ ಬಳಿಯ ಎಲುಬುಗಳು ಮೊದಲ ವರ್ಷದಲ್ಲಿಯೇ ಬಲಿಯುತ್ತವೆ. ಮುಂಗಾಲಿನ ಮಂಡಿಯ ಮೇಲಿನ ಎಲುಬಿನ ಕೆಳತುದಿ ಮುಚ್ಚಲು ಸುಮಾರು ಎರಡರಿಂದ ಎರಡೂವರೆ ವರ್ಷ ಬೇಕು. ಬೆನ್ನುಹುರಿಯನ್ನು ಕಾಯುವ ಕಶೇರುಗಳು ಎಲ್ಲಕ್ಕಿಂತ ಕಡೆಯವು. ಅವು ಪೂರ್ಣವಾಗಿ ಬಲಿಯುವುದು ಐದನೆಯ ವರ್ಷದ ಆಚೀಚೆ, ಕೆಲವು ಕುದುರೆಗಳಲ್ಲಿ ಅದಕ್ಕೂ ತಡವಾಗಿ. ಎಳೆಯ ಕುದುರೆಯ ಮಂಡಿಯ ಕ್ಷಕಿರಣ ಚಿತ್ರ ತೆಗೆಸಿ, ‘ಮಂಡಿ ಮುಚ್ಚಿದೆ, ಇನ್ನು ಕೆಲಸಕ್ಕೆ ಹಚ್ಚಬಹುದು’ ಎನ್ನುವ ರೂಢಿ ವೃತ್ತಿಯಲ್ಲಿದೆ. ಆದರೆ ಸವಾರ ಕುಳಿತುಕೊಳ್ಳುವುದು ಮಂಡಿಯ ಮೇಲಲ್ಲ, ಬೆನ್ನಿನ ಮೇಲೆ. ಮರಿಯ ಎತ್ತರ ನಿಂತಿತೆಂದ ಮಾತ್ರಕ್ಕೆ, ತಳಿ ಗಿಡ್ಡದೆಂದ ಮಾತ್ರಕ್ಕೆ, ಆ ಬೆನ್ನು ಸಿದ್ಧವಾಯಿತೆಂದು ಅರ್ಥವಲ್ಲ.

ಹಾರುವಾಗಿನ ಸ್ಥಿತಿಯನ್ನೂ ಗಮನಿಸಬೇಕು. ನಿಂತ ಕುದುರೆಯ ಭಾರದಲ್ಲಿ ಹೆಚ್ಚಿನ ಪಾಲು ಮುಂಗಾಲುಗಳ ಮೇಲಿರುತ್ತದೆ. ತಡೆಯನ್ನು ದಾಟಿ ನೆಲಕ್ಕಿಳಿಯುವಾಗ ಇಡೀ ದೇಹದ ಭಾರ ಮೊದಲು ಒಂದೇ ಮುಂಗಾಲಿನ ಮೇಲೆ, ಅನಂತರ ಇನ್ನೊಂದರ ಮೇಲೆ ಬೀಳುತ್ತದೆ. ಸ್ನಾಯುಬಂಧಗಳು ಹಿಗ್ಗಿ ಆ ಪೆಟ್ಟನ್ನು ತಡೆದುಕೊಳ್ಳಬೇಕು. ನಮ್ಮ ದೇಶದ 1965ರ ಭಾರಹೊರುವ ಪ್ರಾಣಿಗಳ ನಿಯಮಗಳು ಟಟ್ಟುವಿನ ಬೆನ್ನಿಗೆ 70 ಕಿಲೋಗ್ರಾಮಿನ ಮಿತಿಯನ್ನು ವಿಧಿಸಿವೆ. ‘ನಮ್ಮ ಮಗು 30 ಕಿಲೋ ಕೂಡ ಇಲ್ಲ, ಇದರಿಂದೇನು ತೊಂದರೆ?’ ಎಂದು ಪೋಷಕರು ಕೇಳುವುದು ಸಹಜ. ನಡೆಯುವ ಟಟ್ಟುವಿನ ಬೆನ್ನ ಮೇಲಿನ 30 ಕಿಲೋ ಬೇರೆ. ಬಲಿಯದ ಬೆನ್ನಿನ ಮೇಲೆ ಕುಳಿತು, ದಿನಕ್ಕೆ ಹತ್ತಾರು ಬಾರಿ ಹಾರಿ ಇಳಿಯುವಾಗಿನ 30 ಕಿಲೋ ಬೇರೆ.

ಎದುರು ಪಕ್ಷದ ವಾದದಲ್ಲಿಯೂ ಸತ್ಯವಿದೆ. ಎಲುಬು ತನ್ನ ಮೇಲೆ ಬೀಳುವ ಒತ್ತಡಕ್ಕೆ ತಕ್ಕಂತೆ ತನ್ನನ್ನು ತಾನು ಕಟ್ಟಿಕೊಳ್ಳುತ್ತದೆಂದು ಜರ್ಮನಿಯ ವೈದ್ಯ ಜೂಲಿಯಸ್ ವುಲ್ಫ್ 1892ರಲ್ಲಿ ಪ್ರತಿಪಾದಿಸಿದರು. ಎಳವೆಯಲ್ಲಿ ಚಲನೆಯೇ ಇಲ್ಲದೆ ಲಾಯದಲ್ಲಿ ಕಟ್ಟಿಬೆಳೆಸಿದ ಮರಿಗಿಂತ ಓಡಾಡಿ ಬೆಳೆದ ಮರಿಯ ಎಲುಬು ದೃಢವಾಗಿರುತ್ತದೆಂಬುದನ್ನು ಇತ್ತೀಚಿನ ಅಧ್ಯಯನಗಳೂ ಸಮರ್ಥಿಸಿವೆ. ಆದುದರಿಂದ ‘ಬೇಗ ತರಬೇತಿ ಕೊಟ್ಟರೆ ಕುದುರೆ ಗಟ್ಟಿಯಾಗುತ್ತದೆ’ ಎನ್ನುವವರು ಪೂರ್ತಿ ಸುಳ್ಳು ಹೇಳುತ್ತಿಲ್ಲ. ಆದರೆ ಬಯಲಿನಲ್ಲಿ ತನ್ನ ಇಚ್ಛೆಯಂತೆ ಓಡಿ, ದಣಿದಾಗ ನಿಲ್ಲುವ ಮರಿಯ ಚಲನೆಗೂ, ಸವಾರನ ಅಪ್ಪಣೆಗೆ ಒಂದೇ ತಡೆಯನ್ನು ಮತ್ತೆ ಮತ್ತೆ ಹಾರುವ ಮರಿಯ ದುಡಿಮೆಗೂ ವ್ಯತ್ಯಾಸವಿದೆ. ನಿಲ್ಲಿಸುವ ಹಕ್ಕು ಮೊದಲನೆಯದರಲ್ಲಿ ಮರಿಗಿದೆ, ಎರಡನೆಯದರಲ್ಲಿ ಇಲ್ಲ. ವುಲ್ಫರ ಮಾತನ್ನು ಮರಿಗೆ ಬಯಲು ಕೊಡಬೇಕೆಂಬುದಕ್ಕೆ ಆಧಾರವಾಗಿ ಬಳಸಬಹುದು, ಜೀನು ಹೊರಿಸುವುದಕ್ಕೆ ಅದು ಪರವಾನಗಿಯಾಗದು.

ಹಾಗಾದರೆ ಕಾಯಲು ಏನಡ್ಡಿ? ಒಂದು ವರ್ಷ ಕಾಯುವುದೆಂದರೆ ಒಂದು ವರ್ಷದ ಮೇವು, ಲಾಯದ ಬಾಡಿಗೆ, ಆಳಿನ ಸಂಬಳ. ಹಾರಲು ಕಲಿತ ಟಟ್ಟುವಿಗೆ ಕಲಿಯದುದಕ್ಕಿಂತ ಹೆಚ್ಚು ಬೆಲೆ. ಅದನ್ನು ಏರುವ ಮಗುವೂ ಬೆಳೆಯುತ್ತಿರುತ್ತದೆ. ಎರಡು ಮೂರು ವರ್ಷಗಳಲ್ಲಿ ಮಗುವಿನ ಕಾಲು ಟಟ್ಟುವಿಗಿಂತ ಉದ್ದವಾಗುತ್ತದೆ, ಅಷ್ಟರೊಳಗೆ ಪದಕ ಬರಬೇಕು. ಯೂರೋಪಿನ ಪದ್ಧತಿಗಳೂ ಇದೇ ದಿಕ್ಕಿನಲ್ಲಿ ಬೆಳೆದಿವೆ. ಜರ್ಮನಿಯಲ್ಲಿ ಸವಾರಿ ತಳಿಯ ಗಂಡುಮರಿಗಳ ಯೋಗ್ಯತೆಯನ್ನು ಸುಮಾರು ಎರಡೂವರೆ ವರ್ಷಕ್ಕೆ ನಿರ್ಣಯಿಸುವಾಗ, ಸವಾರನಿಲ್ಲದೆಯೇ ಆದರೂ, ತಡೆಗಳ ಮೇಲೆ ಹಾರಿಸಿ ನೋಡುತ್ತಾರೆ. ಜೂಜಿನ ಕುದುರೆಗಳ ಲೆಕ್ಕ ಇನ್ನೂ ವಿಚಿತ್ರ. ಭೂಮಿಯ ಉತ್ತರಾರ್ಧದಲ್ಲಿ ಹುಟ್ಟಿದ ಪಂದ್ಯದ ತಳಿಯ ಕುದುರೆಗಳಿಗೆಲ್ಲ ಜನವರಿ 1ರಂದೇ ಹುಟ್ಟುಹಬ್ಬ. ಮೇ ತಿಂಗಳಲ್ಲಿ ಹುಟ್ಟಿದ ಮರಿಗೆ ಕಾಗದದ ಮೇಲೆ ಎರಡು ವರ್ಷ ತುಂಬುವಾಗ ನಿಜದಲ್ಲಿ 20 ತಿಂಗಳಷ್ಟೇ. ಎರಡು ವರ್ಷದ ಕುದುರೆಗಳ ಓಟ ನಮ್ಮ ದೇಶದಲ್ಲಿಯೂ ನಡೆಯುತ್ತದೆ. ಇತ್ತ ಒಲಿಂಪಿಕ್ ಕ್ರೀಡೆಗಳಲ್ಲಿ ತಡೆಹಾರುವ ಕುದುರೆಗೆ ಕನಿಷ್ಠ 9 ವರ್ಷವಾಗಿರಬೇಕೆಂಬ ನಿಯಮವಿದೆ. ಶಿಖರವನ್ನು ಮುಟ್ಟುವ ಕುದುರೆಯ ವಯಸ್ಸನ್ನು ಅಷ್ಟು ಎಚ್ಚರದಿಂದ ಎಣಿಸುವ ಲೋಕ, ಊರಂಚಿನ ತರಗತಿಯ ಟಟ್ಟುವಿನ ವಯಸ್ಸನ್ನು ಕೇಳುವುದೇ ಇಲ್ಲ.

ಈ ಸಂದರ್ಭದಲ್ಲಿ ನಮ್ಮ ಆಚಾರಗ್ರಂಥಗಳನ್ನು ನೆನೆಯುವುದು ಉಚಿತ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಎಣಿಸಲಾಗಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಮಿತಿಮೀರಿ ಹೊರಿಸುವುದು, ಅನ್ನನೀರನ್ನು ತಡೆಯುವುದು. ಇವುಗಳಲ್ಲಿ ನಾಲ್ಕು ಕಣ್ಣಿಗೆ ಕಾಣುವಂಥವು. ಅತಿಭಾರವೊಂದು ಮಾತ್ರ ಹೊರುವವನ ಶಕ್ತಿಯನ್ನು ಬಲ್ಲವರಿಗಲ್ಲದೆ ಕಾಣಿಸದು. ಅದು ತಕ್ಕಡಿಯಲ್ಲಿ ನಿರ್ಣಯವಾಗುವ ಪ್ರಮಾಣವಲ್ಲ. ಬಲಿತ ಬೆನ್ನಿಗೆ ಹಗುರವಾದುದು ಎಳೆಯ ಬೆನ್ನಿಗೆ ಅತಿಭಾರವಾಗುತ್ತದೆ. ಹೀಗೆ ನೋಡಿದಾಗ ವಯಸ್ಸಿಗೆ ಮುಂಚೆ ಹೊರಿಸುವುದೂ ಅತಿಭಾರಾರೋಪಣವೇ ಆಗುತ್ತದೆಂದು ನನಗೆ ತೋರುತ್ತದೆ.

ಜನ್ನಕವಿಯ ‘ಯಶೋಧರ ಚರಿತೆ’ಯನ್ನು ಬಲ್ಲ ನಮ್ಮ ವಾಚಕರಿಗೆ ಇನ್ನೊಂದು ಹೋಲಿಕೆ ಹೊಳೆಯಬಹುದು. 1209ರ ಆ ಕಾವ್ಯದಲ್ಲಿ ಯಶೋಧರನು ಬಲಿಕೊಡುವುದು ಹಿಟ್ಟಿನ ಕೋಳಿಯನ್ನು. ಅಲ್ಲಿ ಕೊಲ್ಲಬೇಕಾದ ಜೀವವಿರಲಿಲ್ಲ, ಕೊಲ್ಲುವ ಸಂಕಲ್ಪವಿತ್ತು. ಅದಕ್ಕಾಗಿ ಅವನು ಭವಭವಗಳಲ್ಲಿ ತೊಳಲಬೇಕಾಯಿತು. ಸವಾರಿಯ ಅಂಗಳದಲ್ಲಿ ಪರಿಸ್ಥಿತಿ ತಿರುಗುಮುರುಗು. ನೋಯಿಸುವ ಸಂಕಲ್ಪ ಯಾರಿಗೂ ಇಲ್ಲ, ನೋಯುವ ಜೀವ ಇದೆ. ಇಲ್ಲಿರುವುದು ಪ್ರಮಾದ, ಅಂದರೆ ನೋಡಬೇಕಾದುದನ್ನು ನೋಡದಿರುವುದು. ಸಂಕಲ್ಪವಿಲ್ಲವೆಂಬ ಕಾರಣಕ್ಕೆ ಪ್ರಮಾದವನ್ನು ಹಿಂಸೆಯ ಲೆಕ್ಕದಿಂದ ಬಿಡುವ ರೂಢಿ ನಮ್ಮ ಶಾಸ್ತ್ರಕಾರರಲ್ಲಿಲ್ಲ.

ಇನ್ನು ಕಾದಂಬರಿಯ ಕೊರತೆಯ ಮಾತು. ಮೆರಿಲೆಗ್ಸ್ ಎಂಬ ಟಟ್ಟು ಕಾದಂಬರಿಯ ಅತ್ಯಂತ ಪ್ರಿಯವಾದ ಪಾತ್ರ. ಮಕ್ಕಳು ಗಂಟೆಗಟ್ಟಲೆ ಸರದಿಯ ಮೇಲೆ ಅದನ್ನೇರಿ ಓಡಿಸಿದಾಗ, ಮೆಲ್ಲಗೆ ಮುಂಗಾಲೆತ್ತಿ ಅವರನ್ನು ಜಾರಿಸಿ ಬೀಳಿಸಿ ಬುದ್ಧಿ ಕಲಿಸುತ್ತದೆ. ಈ ಪ್ರಸಂಗ ನಗು ತರಿಸುತ್ತದೆ. ಆದರೆ ನೀನೇಕೆ ಒದೆಯಲಿಲ್ಲವೆಂದು ಜಿಂಜರ್ ಕೇಳಿದಾಗ ಮೆರಿಲೆಗ್ಸ್ ಕೊಡುವ ಉತ್ತರದಲ್ಲಿ ಯಜಮಾನನ ಮೇಲಿನ ಕೃತಜ್ಞತೆಯ ಜೊತೆಗೆ ಇನ್ನೊಂದು ಮಾತೂ ಇದೆ: ಒದೆದರೆ ತನ್ನನ್ನು ಮಾರಿಬಿಡುತ್ತಾರೆ, ಆಮೇಲೆ ಯಾವುದೋ ಅಂಗಡಿಯ ಹುಡುಗನ ಕೈಗೋ, ಕಡಲತೀರದ ಬಾಡಿಗೆ ಸವಾರಿಗೋ ಸಿಕ್ಕಿ ಸಾಯುವವರೆಗೆ ದುಡಿಯಬೇಕಾಗುತ್ತದೆ. ಲೇಖಕಿ ಇದನ್ನು ಟಟ್ಟುವಿನ ಜಾಣತನವೆಂದು ಹೊಗಳಿ ಮುಂದುವರಿಯುತ್ತಾರೆ. ನನಗೆ ಅದು ಇಡೀ ಕೃತಿಯ ಅತ್ಯಂತ ಕಳವಳದ ಸ್ಥಳವಾಗಿ ಕಂಡಿತು. ನಾವು ಸೌಮ್ಯಸ್ವಭಾವವೆಂದು ಮೆಚ್ಚುವುದರ ಹಿಂದೆ ಬೇರೆ ದಾರಿಯಿಲ್ಲವೆಂಬ ಭಯ ಇರಬಹುದೆಂದು ಸ್ವತಃ ತೋರಿಸಿಯೂ, ಸ್ಯೂಯೆಲ್ ಆ ಎಳೆಯನ್ನು ಹಿಡಿದು ಮುಂದೆ ಹೋಗಲಿಲ್ಲ. ಅವರ ಪರಿಹಾರ ಒಂದೇ, ಒಳ್ಳೆಯ ಯಜಮಾನ. ಒಳ್ಳೆಯ ಯಜಮಾನ ಸತ್ತರೆ, ಊರು ಬಿಟ್ಟರೆ ಕುದುರೆಯ ಗತಿಯೇನೆಂಬುದನ್ನು ಕಥೆಯುದ್ದಕ್ಕೂ ನಿರೂಪಿಸಿದ ಲೇಖಕಿ, ಕೊನೆಗೂ ಅದಕ್ಕೆ ಇನ್ನೊಬ್ಬ ಒಳ್ಳೆಯ ಯಜಮಾನನನ್ನು ಹುಡುಕಿಕೊಟ್ಟು ಪುಸ್ತಕ ಮುಗಿಸುತ್ತಾರೆ.

‘ಜಾಣ ಮರಿ, ಇಷ್ಟಪಟ್ಟು ಹಾರುತ್ತದೆ’ ಎಂಬ ಮಾತನ್ನು ಸವಾರಿಯ ಅಂಗಳಗಳಲ್ಲಿ ಇಂದಿಗೂ ಕೇಳುತ್ತೇವೆ. ಎಳೆಯ ಪ್ರಾಣಿ ಹೇಳಿದುದನ್ನು ಮಾಡುತ್ತದೆ, ಮೊದಮೊದಲು ಉತ್ಸಾಹದಿಂದಲೇ ಮಾಡುತ್ತದೆ. ತನ್ನ ಐದನೆಯ ವರ್ಷದ ಬೆನ್ನಿನ ಲೆಕ್ಕವನ್ನು ಮೂರನೆಯ ವರ್ಷದಲ್ಲಿ ಅದು ಹಾಕಲಾರದು. ಆ ಲೆಕ್ಕ ನಮ್ಮದು. ಒಳ್ಳೆಯ ಮನಸ್ಸನ್ನೇ ನೆಚ್ಚಿ ಕೂರದೆ, ವಯಸ್ಸಿನ ಕಟ್ಟುಪಾಡೊಂದನ್ನು ನಾವು ಮಾಡಿಕೊಳ್ಳಬೇಕು. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೆಯ ವಿಭಾಗವು ರೋಗ, ಗಾಯಗಳ ಜೊತೆಗೆ ವಯಸ್ಸಿನ ಕಾರಣದಿಂದ ಕೆಲಸಕ್ಕೆ ಅನರ್ಹವಾದ ಪ್ರಾಣಿಯನ್ನು ದುಡಿಸುವುದನ್ನೂ ಅಪರಾಧವೆನ್ನುತ್ತದೆ. ವಯಸ್ಸೆಂದರೆ ಮುಪ್ಪು ಮಾತ್ರವೆಂದು ನಾವು ಭಾವಿಸಿದ್ದೇವೆ, ಎಳವೆಯೂ ವಯಸ್ಸೇ.

ವಯಸ್ಸನ್ನು ತಿಳಿಯುವುದು ಕಷ್ಟವಲ್ಲ. ದಾನಕ್ಕೆ ಕೊಟ್ಟ ಎಮ್ಮೆಯ ಹಲ್ಲು ಹಿಡಿದು ನೋಡಬಾರದೆಂಬ ಗಾದೆ ನಮ್ಮಲ್ಲಿದೆ. ಆದರೆ ದುಡಿಸುವ ಪ್ರಾಣಿಯ ಹಲ್ಲನ್ನು ನೋಡಲೇಬೇಕೆಂಬುದು ದನದ ಜಾತ್ರೆಗೆ ಹೋದ ಪ್ರತಿಯೊಬ್ಬ ರೈತನಿಗೂ ಗೊತ್ತು. ಕುದುರೆಯ ಮುಂದಿನ ಹಾಲುಹಲ್ಲುಗಳಲ್ಲಿ ನಡುವಿನ ಜೋಡಿ ಸುಮಾರು ಎರಡೂವರೆ ವರ್ಷಕ್ಕೆ, ಅದರ ಪಕ್ಕದ ಜೋಡಿ ಮೂರೂವರೆಗೆ, ಕೊನೆಯ ಜೋಡಿ ನಾಲ್ಕೂವರೆಗೆ ಬಿದ್ದು ಹೊಸವು ಬರುತ್ತವೆ. ಐದಕ್ಕೆ ಬಾಯಿ ಕೂಡುತ್ತದೆ. ಬಾಯಿ ಕೂಡುವ ಮುನ್ನ ಹಾರಿಸುವುದಿಲ್ಲವೆಂಬ ಸರಳ ನಿಯಮವನ್ನು ಒಂದು ಸವಾರಿಶಾಲೆ ಪಾಲಿಸಬಲ್ಲುದು, ಮಕ್ಕಳನ್ನು ಸೇರಿಸುವ ಪೋಷಕರು ಕೇಳಬಲ್ಲರು. ಮದುವೆಯ ದಿಬ್ಬಣಕ್ಕೆ, ಉತ್ಸವದ ಮೆರವಣಿಗೆಗೆ ಬಾಡಿಗೆಯ ಕುದುರೆ ತರಿಸುವ ನಮ್ಮ ಕುಟುಂಬಗಳೂ ಬಸದಿಯ ಆಡಳಿತ ಮಂಡಳಿಗಳೂ ಬಾಡಿಗೆ ನಿಶ್ಚಯಿಸುವ ಮುನ್ನ ಈ ಒಂದು ಪ್ರಶ್ನೆಯನ್ನು ಕೇಳುವುದಾದರೆ, ಬಾಡಿಗೆಗೆ ಕೊಡುವವರಿಗೂ ಕಾಯುವುದರಲ್ಲಿ ನಷ್ಟವಿಲ್ಲವೆಂಬ ಧೈರ್ಯ ಬರುತ್ತದೆ. ಕೆಲಸಕ್ಕೆ ಬಾರದಾದ ಪ್ರಾಣಿಗಳನ್ನು ಪಾಂಜರಪೋಳಗಳಲ್ಲಿ ಸಾಕುವುದು ನಮ್ಮ ಸಮಾಜದ ಹಳೆಯ ಪುಣ್ಯಕಾರ್ಯ. ಅಲ್ಲಿಗೆ ಕುಂಟುತ್ತಾ ಬರುವ ಪ್ರಾಣಿ ಕುಂಟಾದುದು ಹೇಗೆಂದು ಕೇಳುವುದೂ ಆ ಕಾರ್ಯದ ಭಾಗವಾಗಬೇಕು.

ಮೊಮ್ಮಗಳ ಪ್ರಶ್ನೆಯೊಡನೆ ನಾನೂ ಒಂದು ಬೆಳಿಗ್ಗೆ ಆ ಅಂಗಳಕ್ಕೆ ಹೋದೆ. ಸವಾರಿ ಕಲಿಸುವವರು ಗೌರವದಿಂದ ಮಾತನಾಡಿದರು. “ನೀವು ಹೇಳುವುದು ಸರಿ ಸ್ವಾಮಿ. ಆದರೆ ಇನ್ನೆರಡು ವರ್ಷದ ಹುಲ್ಲು ಯಾರು ಕೊಡುತ್ತಾರೆ?” ಎಂದರು. ಆ ಮಾತಿನಲ್ಲಿ ಉದ್ಧಟತನವಿರಲಿಲ್ಲ, ಲೆಕ್ಕವಿತ್ತು. ಹುಡುಗಿಗೆ ಈಗ ಹನ್ನೊಂದು ವರ್ಷದ ಶಾಂತವಾದ ಹೆಣ್ಣುಕುದುರೆಯೊಂದನ್ನು ಗೊತ್ತುಮಾಡಿದ್ದಾರೆ. ಆ ಮರಿಯ ಒಂದು ವರ್ಷದ ಮೇವಿನ ಖರ್ಚನ್ನು ತರಗತಿಯ ಪೋಷಕರು ಹಂಚಿಕೊಳ್ಳುವುದಾದರೆ ಅದನ್ನು ಬಯಲಿಗೆ ಬಿಡಲು ಸಿದ್ಧವೆಂದು ಅವರು ಒಪ್ಪಿದ್ದಾರೆ. ನಾವು ಆರು ಮನೆಗಳವರನ್ನು ಕೇಳಿದ್ದೇವೆ, ಎರಡು ಮನೆಗಳವರು ಹೂಂ ಎಂದಿದ್ದಾರೆ. ಉಳಿದವರ ಉತ್ತರ ಬರುವವರೆಗೆ ಮರಿ ದಿನವೂ ಬೆಳಿಗ್ಗೆ ಹಾರುತ್ತಿದೆ.